ಎಡಗೈಗೆ ಕಾವೇರಿ

ಶ್ರೀರಂಗಪಟ್ಟಣವನ್ನು ನೋಡದವರು ಕಡಿಮೆ. ಅದು ದ್ವೀಪ ಎಂಬುದನ್ನು ಕಂಡವರು ಇನ್ನೂ ಕಡಿಮೆ. ಕಾರಿನಲ್ಲಿ ಎರಡು ಸೇತುವೆ ದಾಟುವಷ್ಟರಲ್ಲಿ ಊರೇ ಮುಗಿದಿರುತ್ತದೆ. ಏರಿಲ್ಲದ, ಅವಸರವಿಲ್ಲದ ಒಂದು ಸೈಕಲ್ ಸುತ್ತು ಹಾಕಿ ನೋಡಿ. ಸುಲ್ತಾನನನ್ನೂ, ಅವನನ್ನು ಗೆದ್ದವರನ್ನೂ ಆಟವಾಡಿಸಿದ ಹೊಳೆ ಉದ್ದಕ್ಕೂ ಜೊತೆಗೇ ಬರುತ್ತದೆ.

ಜನವರಿಯ ಒಂದು ಭಾನುವಾರ, ಬೆಳಗಿನ ಆರೂವರೆ. ಪಂಚೆ ಎತ್ತಿ ಕಟ್ಟಿದ ಹಿರಿಯರೊಬ್ಬರು ಕೋಟೆ ಪಕ್ಕದ ಸ್ನಾನಘಟ್ಟದ ಮೆಟ್ಟಿಲುಗಳ ಮೇಲೆ ತಮ್ಮ ಹಳೇ ಸೈಕಲ್ಲನ್ನು ಧಡ್ ಧಡ್ ಎಂದು ಇಳಿಸಿಕೊಂಡು ಬಂದರು. ಮೊಣಕಾಲುದ್ದದ ನೀರಿನಲ್ಲಿ ಅದನ್ನು ನಿಲ್ಲಿಸಿ, ತೆಂಗಿನ ನಾರು ತೆಗೆದುಕೊಂಡು ರಿಮ್ಮು, ಕಡ್ಡಿ, ಮಡ್‌ಗಾರ್ಡು, ಕ್ಯಾರಿಯರ್ ಎಲ್ಲವನ್ನೂ ಉಜ್ಜಿದರು. ಕ್ಯಾರಿಯರ್‌ಗೆ ಅಂಟಿದ್ದ ಹುಲ್ಲಿನ ಚೂರುಗಳು ನೀರಿನಲ್ಲಿ ತೇಲಿಹೋದವು. ಆಮೇಲೆ ಅದೇ ನಾರಿನಿಂದ ತಮ್ಮ ಬೆನ್ನನ್ನೂ ತಿಕ್ಕಿಕೊಂಡರು.

ಮೇಲಿನ ಮೆಟ್ಟಿಲಲ್ಲಿ ಮೈಸೂರಿನಿಂದ ಪೆಡಲ್ ತುಳಿದುಕೊಂಡು ಬಂದ ಹುಡುಗರ ಗುಂಪು. ತಲೆಗೆ ಹೆಲ್ಮೆಟ್, ಮೈಗೆ ಗಿಳಿಹಸಿರು ಜೆರ್ಸಿ. ಹಿರಿಯರು ತಲೆ ಒರೆಸಿಕೊಳ್ಳುತ್ತ ಕೇಳಿದರು: ‘ಎತ್ಲಾಗ್ ಹೊಂಟ್ರಪ್ಪಾ?’

‘ಸುಮ್ನೆ ತಾತ, ಒಂದ್ ರೌಂಡು.’

‘ಊರ್ ಸುತ್ತ ಒಳೇನೇ ಅದೆ ಕಣ್ರಪ್ಪ. ಎಂಗ್ ಓದ್ರೂ ಇಲ್ಗೇ ಬತ್ತೀರ.’

ಪ್ರವಾಸೋದ್ಯಮದ ಯಾವ ಕರಪತ್ರವೂ ಈ ಊರಿನ ಬಗ್ಗೆ ಇಷ್ಟು ನಿಖರವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ನಾವೆಲ್ಲ ಶ್ರೀರಂಗಪಟ್ಟಣ ನೋಡುವ ಕ್ರಮ ಹೇಗಿರುತ್ತದೆ ಎಂದು ನೆನಪಿಸಿಕೊಳ್ಳಿ. ಮೈಸೂರಿಗೆ ಹೋಗುವ ದಾರಿಯಲ್ಲಿ ಒಂದು ನಿಲುಗಡೆ. ರಂಗನಾಥನಿಗೊಂದು ನಮಸ್ಕಾರ, ದರಿಯಾ ದೌಲತ್‌ನಲ್ಲಿ ಫೋಟೊ, ಗುಂಬಜ್‌ನಲ್ಲಿ ಇನ್ನೊಂದು, ನಿಮಿಷಾಂಬ, ಸಂಗಮ. ಎರಡು ಗಂಟೆಯಲ್ಲಿ ಐದು ‘ಪಾಯಿಂಟ್’ ಮುಗಿಸಿ, ಊಟದ ಹೊತ್ತಿಗೆ ಮೃಗಾಲಯದ ಮುಂದೆ ಸರದಿ. ಹೊಳೆ ಅಲ್ಲೊಂದು ಇಲ್ಲೊಂದು ಕಡೆ ಕಿಟಕಿಯಲ್ಲಿ ಕಂಡು ಮರೆಯಾಗುತ್ತದೆ. ಈ ಎಲ್ಲ ಜಾಗಗಳಲ್ಲೂ ಕಂಡದ್ದು ಒಂದೇ ಹೊಳೆ, ಅದು ಊರನ್ನು ತಬ್ಬಿಕೊಂಡಿದೆ ಎಂಬುದು ಕಾರಿನಲ್ಲಿ ಕೂತವರಿಗೆ ಹೊಳೆಯುವುದೇ ಇಲ್ಲ.

ಊರಿನ ಪಶ್ಚಿಮದಲ್ಲಿ ಕಾವೇರಿ ಸೀಳಿ ಎರಡಾಗುತ್ತಾಳೆ. ಒಂದು ಕವಲು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಪೂರ್ವದ ತುದಿಯಲ್ಲಿ ಮತ್ತೆ ಸೇರುತ್ತವೆ. ನಡುವೆ ಉಳಿದ, ಪೂರ್ವ–ಪಶ್ಚಿಮವಾಗಿ ಉದ್ದಕ್ಕೆ ಮಲಗಿದ ನೆಲದ ಮೇಲೆ ಕೋಟೆ, ಪೇಟೆ, ಗಂಜಾಂ, ಕಬ್ಬಿನ ಗದ್ದೆ, ತೆಂಗಿನ ತೋಟ ಎಲ್ಲ ಇವೆ. ಅಲ್ಲಲ್ಲಿ ನಿಂತು, ಒಳದಾರಿ ಹೊಕ್ಕು, ಸುತ್ತಿ ಬಂದರೂ ಹದಿನೈದು ಕಿಲೋಮೀಟರ್ ದಾಟುವುದಿಲ್ಲ. ಉಸಿರು ಕಟ್ಟಿಸುವ ಏರು ಒಂದೂ ಇಲ್ಲ. ಗೇರ್ ಇಲ್ಲದ ಸೈಕಲ್ ಸಾಕು, ಎಂಟನೇ ತರಗತಿಯವರಿಗೆ ಸರ್ಕಾರ ಹಿಂದೆ ಕೊಡುತ್ತಿದ್ದ ಸೈಕಲ್ಲಾದರೂ ಸರಿ.

ದಾರಿ ತಪ್ಪದಿರಲು ನಕ್ಷೆಯೂ ಬೇಡ. ಕೋಟೆಯ ಪಶ್ಚಿಮ ಮೂಲೆಯಿಂದ ಹೊರಟು, ಹೊಳೆ ಸದಾ ಎಡಗೈ ಕಡೆಗಿರುವಂತೆ ನೋಡಿಕೊಳ್ಳಿ. ನಮ್ಮಲ್ಲಿ ಗಾಡಿ ಓಡುವುದೂ ಎಡಬದಿಯಲ್ಲೇ. ಹಾಗಾಗಿ ನೀರು ನೋಡಬೇಕೆನಿಸಿದಾಗಲೆಲ್ಲ ರಸ್ತೆ ದಾಟುವ ಗೊಡವೆಯಿಲ್ಲದೆ ಸೈಕಲ್ ಬದಿಗೆ ಒರಗಿಸಬಹುದು.

ಕಂದಕದ ಆಚೆಗೂ ಒಂದು ಕಂದಕ

ರೈಲು ನಿಲ್ದಾಣದಿಂದ ಹೊರಬಿದ್ದರೆ ಕೋಟೆ ಎದುರಿಗೇ. ರಂಗನಾಥನ ಗುಡಿಯ ಮುಂದೆ ಹೂವು, ತುಳಸಿ, ಕಡ್ಲೆಪುರಿ ಅಂಗಡಿಗಳು ಬಾಗಿಲು ತೆಗೆಯುತ್ತಿರುತ್ತವೆ. ಕಾವೇರಿಯ ಮೂರು ದ್ವೀಪಗಳಲ್ಲಿ ಮೂವರು ರಂಗರು: ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ, ಮೊದಲನೆಯವನು ಈ ಆದಿರಂಗ. ರಥಸಪ್ತಮಿಯ ತೇರು ಹತ್ತಿರವಾದಂತೆ ಈ ಬೀದಿಯಲ್ಲಿ ಸೈಕಲ್ ತಳ್ಳಿಕೊಂಡೇ ಹೋಗಬೇಕು.

ಗುಡಿಯ ಹಿಂದೆ ಪಶ್ಚಿಮಕ್ಕೆ ಸಾಗಿದರೆ ಜನ ಇದ್ದಕ್ಕಿದ್ದಂತೆ ಕರಗುತ್ತಾರೆ. ಕೋಟೆಗೋಡೆಯ ಮೇಲೊಂದು ಕಲ್ಲಿನ ಸ್ತಂಭ. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷ್ ಸೇನೆ ಗೋಡೆ ಒಡೆದು ನುಗ್ಗಿದ್ದು ಇಲ್ಲೇ. ಸ್ತಂಭದ ಬುಡದಲ್ಲಿ ನಿಂತು ಕೆಳಗೆ ನೋಡಿ: ಮೊದಲು ಕಂದಕ, ಅದರಾಚೆ ಬಂಡೆಗಳ ನಡುವೆ ಹರಿಯುವ ಹೊಳೆ. ಬೇಸಿಗೆಯಲ್ಲಿ ಅದು ಹೊಳೆಯೇ ಅಲ್ಲ, ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದು. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಆನೆ ಇಳಿಸುವುದಕ್ಕೂ ಧೈರ್ಯ ಸಾಲದು.

ಟಿಪ್ಪು ಸುಲ್ತಾನನ ಲೆಕ್ಕವೆಲ್ಲ ನಿಂತಿದ್ದದ್ದು ಈ ವ್ಯತ್ಯಾಸದ ಮೇಲೆ. ಅದಕ್ಕೆ ಆಧಾರವೂ ಇತ್ತು. 1791ರ ಮೇನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಪಕ್ಕದ ಅರಕೆರೆಯವರೆಗೂ ಬಂದು ಕಾಳಗ ಗೆದ್ದಿದ್ದ. ಅಷ್ಟರಲ್ಲಿ ಮಳೆ ಹಿಡಿಯಿತು. ಫಿರಂಗಿ ಎಳೆಯುವ ಎತ್ತುಗಳು ಸತ್ತವು, ಸೈನಿಕರಿಗೆ ದವಸ ಮುಗಿಯಿತು. ಎಳೆದೊಯ್ಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಅವನು ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮರುವರ್ಷ ಅವನು ಬಂದದ್ದು ಫೆಬ್ರುವರಿಯಲ್ಲಿ; ಪಾಠ ಕಲಿತಿದ್ದ.

1799ರಲ್ಲಿ ಜನರಲ್ ಹ್ಯಾರಿಸ್‌ನ ಸೇನೆಯಲ್ಲೂ ಅಕ್ಕಿ ತಳ ಕಾಣುತ್ತಿತ್ತು. ಇನ್ನು ಕೆಲವು ವಾರ ತಡೆದಿದ್ದರೆ ಕೊಡಗಿನ ಮಳೆ ಹೊಳೆಗೆ ಇಳಿಯುತ್ತಿತ್ತು. ತಡೆಯಲಾಗಲಿಲ್ಲ. ಸುಡುಬಿಸಿಲ ಮಧ್ಯಾಹ್ನ ಡೇವಿಡ್ ಬೇರ್ಡ್‌ನ ಹಿಂದೆ ಸೈನಿಕರು ಬಂಡೆ–ನೀರು ತುಳಿದು ದಾಟಿ, ಕೆಲವೇ ನಿಮಿಷದಲ್ಲಿ ಒಡಕಿನ ಮೇಲೆ ಬಾವುಟ ಊರಿದರು. ಅಂದೇ ಸತ್ತ ಟಿಪ್ಪು ಮರುದಿನ ಮಣ್ಣು ಸೇರಿದ. ಆ ಸಂಜೆಯೇ ಗುಡುಗು, ಸಿಡಿಲು, ಬಿರುಮಳೆ ಅಪ್ಪಳಿಸಿದ್ದನ್ನು ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ.

ಬೇರ್ಡ್‌ಗೆ ಈ ಊರು ಹೊಸದಲ್ಲ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್–ಟಿಪ್ಪು ಸೇನೆಗೆ ಸೆರೆಸಿಕ್ಕು, 1784ರವರೆಗೆ ಇಲ್ಲೇ ಬೇಡಿ ಹಾಕಿಸಿಕೊಂಡಿದ್ದವನು. ಅವನ ದಂಡನಾಯಕ ಕರ್ನಲ್ ಬೈಲಿ ಸೆರೆಯಲ್ಲೇ ಸತ್ತ. ಉತ್ತರದ ಗೋಡೆಯ ಕೆಳಗೆ, ಹೊಳೆಯ ಮಟ್ಟಕ್ಕೇ ಇರುವ ಸೆರೆಮನೆಗೆ ಆ ಬೈಲಿಯ ಹೆಸರೇ ನಿಂತಿದೆ. ಸ್ತಂಭದಿಂದ ಅಲ್ಲಿಗೆ ಸೈಕಲ್ಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಮೆಟ್ಟಿಲಿಳಿದು ಕಮಾನುಗಳ ಕೆಳಗೆ ಹೊಕ್ಕರೆ ಹೊರಗಿನ ಬಿಸಿಲು ಮರೆತೇ ಹೋಗುವಷ್ಟು ತಂಪು. ಗೋಡೆಯಿಂದ ಚಾಚಿದ ಕಲ್ಲುಗಳಲ್ಲಿ ತೂತುಗಳಿವೆ, ಕೈದಿಗಳ ತೋಳಿಗೆ ಸರಪಳಿ ಬಿಗಿಯಲು. ಕತ್ತಿನ ಮಟ್ಟದವರೆಗೆ ನೀರು ಬಿಡುತ್ತಿದ್ದರು ಎಂದು ಗೈಡುಗಳು ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡುವೆ ಬಿದ್ದಿರುವ ಫಿರಂಗಿ ಮಾತ್ರ ನಿಜವಾದದ್ದೇ.

> ಎದ್ದು ಜಾಗ ಬದಲಿಸಿದ ಶಸ್ತ್ರಾಗಾರ
> ಬೆಂಗಳೂರು–ಮೈಸೂರು ರೈಲು ಹಳಿಯನ್ನು ಜೋಡಿ ಮಾಡುವಾಗ ಟಿಪ್ಪು ಕಾಲದ ಶಸ್ತ್ರಾಗಾರವೊಂದು ಅಡ್ಡ ಬಂತು. ಕೆಡವುವಂತಿಲ್ಲ, ಹಳಿ ತಿರುಗಿಸಲು ಜಾಗವಿಲ್ಲ. ಇಟ್ಟಿಗೆ–ಗಾರೆಯ, ಸುಮಾರು 1000 ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಜಾಕ್‌ಗಳ ಮೇಲೆ ಎತ್ತಿ, 2017ರ ಮಾರ್ಚ್‌ನಲ್ಲಿ ಸುಮಾರು 130 ಮೀಟರ್ ಆಚೆ ಸರಿಸಿ ಕೂರಿಸಿದರು. ರೈಲು ನಿಲ್ದಾಣದ ಆಸುಪಾಸಿನಲ್ಲೇ ಇದೆ. ಹೆಚ್ಚಿನವರು ತಿರುಗಿಯೂ ನೋಡದೆ ಹೋಗುತ್ತಾರೆ.

ಕಮಾನಿಲ್ಲದ ಸೇತುವೆ

ಕೋಟೆಯ ಪೂರ್ವಕ್ಕೆ ಬಂದರೆ ಜಾಮಿಯಾ ಮಸೀದಿಯ ಜೋಡಿ ಮಿನಾರುಗಳು. ಅವುಗಳ ಮೈತುಂಬ ಗೂಡುಗಳು, ಗೂಡುಗಳ ತುಂಬ ಪಾರಿವಾಳ. ಅಲ್ಲಿಂದ ಎಡಕ್ಕೆ, ಉತ್ತರದ ಕವಲಿನ ಕಡೆ ಇಳಿದರೆ ವೆಲ್ಲೆಸ್ಲಿ ಸೇತುವೆ. ಈ ಸುತ್ತಿನಲ್ಲಿ ಒಂದೇ ಒಂದು ಕಡೆ ನಿಲ್ಲುವ ವ್ಯವಧಾನವಿದ್ದರೆ ಇಲ್ಲಿ ನಿಲ್ಲಿ.

ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿದ ಸೇತುವೆ ಇದು. ಹೆಸರು ಆಗಿನ ಗವರ್ನರ್ ಜನರಲ್‌ನದು. ಹೊಸ ಒಡೆಯರನ್ನು ಖುಷಿಪಡಿಸುವ ಕಲೆ ದಿವಾನರಿಗೆ ಗೊತ್ತಿರಲೇಬೇಕು. ಕೆಲಸ ಮಾತ್ರ ಪಕ್ಕಾ ದೇಸಿ. ಸೇತುವೆ ಎಂದರೆ ಕಣ್ಣಿಗೆ ಬರುವ ಕಮಾನು ಇಲ್ಲಿ ಒಂದೂ ಇಲ್ಲ. ಸಾಲುಸಾಲು ಕಲ್ಲುಕಂಬ ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ಗುಡಿಯ ಮಂಟಪ ಕಟ್ಟುವವರ ವಿದ್ಯೆಯನ್ನೇ ಹೊಳೆಗಿಳಿಸಿದ್ದಾರೆ. ದಡಕ್ಕಿಳಿದು ಅಡಿಯಿಂದ ನೋಡಿದರೆ ಕಂಬಗಳ ಮೇಲೆ ಪ್ರವಾಹ ಬಿಟ್ಟುಹೋದ ಗೆರೆಗಳು, ಸಂದುಗಳಲ್ಲಿ ಸಿಕ್ಕಿಬಿದ್ದ ಬಿದಿರು, ಬಟ್ಟೆ, ಒಂದು ಹವಾಯಿ ಚಪ್ಪಲಿ.

ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿ ನೀರು ಬಿಟ್ಟ ವರ್ಷಗಳಲ್ಲಿ ಈ ಸೇತುವೆಯೇ ಊರಿನ ಅಳತೆಗೋಲು. ಪತ್ರಿಕೆಗಳಲ್ಲಿ ಕ್ಯುಸೆಕ್ ಲೆಕ್ಕ ಬರುತ್ತದೆ. ಊರಿನವರು ಸೇತುವೆಯನ್ನು ನೋಡುತ್ತಾರೆ. ‘ಸೇತ್ವೆ ಮುಟ್ತಾ?’ ಎಂದರೆ ಮುಗಿಯಿತು, ಎಷ್ಟು ನೀರು ಎಂಬುದಕ್ಕೆ ಬೇರೆ ಉತ್ತರ ಬೇಡ. ಪೊಲೀಸರು ಬ್ಯಾರಿಕೇಡ್ ಇಟ್ಟ ದಿನ ಅರ್ಧ ಊರೇ ಅಲ್ಲಿ ನೀರು ನೋಡುತ್ತ ನಿಂತಿರುತ್ತದೆ. ಭಾರಿ ವಾಹನಗಳೆಲ್ಲ ಹೊಸ ಸೇತುವೆಗೆ ಹೋಗಿವೆ, ಅವಸರದವರು ಎಕ್ಸ್‌ಪ್ರೆಸ್‌ವೇಗೆ. ಇನ್ನೂರು ವರ್ಷ ದಾಟಿದ ಈ ಕಲ್ಲುಗಳಿಗೆ ಅದಕ್ಕಿಂತ ದೊಡ್ಡ ಪಿಂಚಣಿ ಬೇಕಿಲ್ಲ.

> ಸವಾಲಿಗೆ ಕಟ್ಟಿದ ಕಮಾನು
> ಇಟ್ಟಿಗೆಯ ಅಗಲವಾದ, ಚಪ್ಪಟೆ ಕಮಾನಿನಿಂದ ಕಾವೇರಿಗೆ ಸೇತುವೆ ಕಟ್ಟಬಹುದು ಎಂದ ಎಂಜಿನಿಯರ್ ಡಿ ಹ್ಯಾವಿಲೆಂಡ್. ಮೇಲಿನವರು ಆಗದು ಎಂದರು. ಆಗುತ್ತದೆಂದು ತೋರಿಸಲು 1808ರ ಹೊತ್ತಿಗೆ ಅವನು ಇದೇ ಊರಿನಲ್ಲಿ ಒಂಟಿ ಕಮಾನೊಂದನ್ನು ಕಟ್ಟಿ ನಿಲ್ಲಿಸಿದ. ಅದರ ಮೇಲೆ ಕುಣಿದರೆ ಕಮಾನು ತೂಗುತ್ತಿತ್ತಂತೆ. ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಿಂತು, 1930ರ ದಶಕದಲ್ಲಿ ಕುಸಿಯಿತು.

ಸಿಡಿದ ಮದ್ದಿನ ಗಾಡಿ

ಸೇತುವೆಯಿಂದ ಹಿಂದಿರುಗಿ ಪೂರ್ವಕ್ಕೆ ಹೊರಳಿದರೆ ಬಲಕ್ಕೆ ಕಬ್ಬು, ಎಡಕ್ಕೆ ದರಿಯಾ ದೌಲತ್ ಬಾಗ್‌ನ ಗೋಡೆ. 1784ರ ಬೇಸಿಗೆ ಅರಮನೆ, ತೇಗದ ಮರದ್ದು. ಹೊಳೆಯ ಗಾಳಿ ಬರಲೆಂದೇ ತೋಟದ ನಡುವೆ ಕೂರಿಸಿದ್ದು. ಬಿಸಿಲು, ಧೂಳು ತಾಗದಂತೆ ಹೊರಗೆ ಹಸಿರು ಪರದೆ ಇಳಿಬಿಟ್ಟಿರುತ್ತಾರೆ. ಹಾಗಾಗಿ ದೂರದಿಂದ ರಿಪೇರಿ ನಡೆಯುತ್ತಿರುವ ಗೋದಾಮಿನಂತೆ ಕಂಡರೆ ನಿಮ್ಮ ತಪ್ಪಲ್ಲ. ಒಳಗೆ ಹೋಗಿ.

ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಕಾಳಗದ ಚಿತ್ರ. ಕೆಂಪಂಗಿಯ ಸಿಪಾಯಿಗಳು ಚೌಕಾಕಾರದ ವ್ಯೂಹ ಕಟ್ಟಿ ನಿಂತಿದ್ದಾರೆ, ನಡುವೆ ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ. ಅವನ ಹತ್ತಿರದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ನೂರಾರು ಕುದುರೆಗಳ ಕಾಲು, ಕತ್ತಿ, ರುಂಡ. ಒಂದು ಅಂಗುಲ ಜಾಗವನ್ನೂ ಚಿತ್ರಕಾರ ಖಾಲಿ ಬಿಟ್ಟಿಲ್ಲ. ಇಷ್ಟೆಲ್ಲದರ ನಡುವೆ ಟಿಪ್ಪು ಗುಲಾಬಿ ಮೂಸುತ್ತ ಬರುತ್ತಿದ್ದಾನೆ. ಇಂಥ ಹಮ್ಮನ್ನು ಗೋಡೆಯ ಮೇಲೆ ಬರೆಸಿಕೊಳ್ಳಲೂ ಧೈರ್ಯ ಬೇಕು.

ಟಿಪ್ಪು ಸತ್ತ ಮೇಲೆ ಇಲ್ಲಿ ವಾಸಕ್ಕೆ ಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ತನ್ನವರ ಸೋಲಿನ ಚಿತ್ರವನ್ನು ಅವನು ಅಳಿಸಲಿಲ್ಲ; ಅಳಿದಿದ್ದ ಭಾಗಗಳನ್ನು ಮತ್ತೆ ಬರೆಸಿದ.

ಅಂಜೂರದ ಗಂಜಾಂ, ನೀರು ಕೂಡುವ ತುದಿ

ಇಲ್ಲಿಂದ ಮುಂದೆ ಪೆಡಲ್ ಹಗುರ. ಗಂಜಾಂ ಟಿಪ್ಪು ನೆಲೆಗೊಳಿಸಿದ ಪೇಟೆ. ಶಿರಾದಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ತಂದು ಇಲ್ಲಿ ಕೂರಿಸಿದ್ದ. ಒಂದು ಕಾಲಕ್ಕೆ ಇಲ್ಲಿನ ಅಂಜೂರಕ್ಕೆ ಊರೂರಲ್ಲಿ ಹೆಸರು. ಈಗ ಕೇಳಿದರೆ ‘ಅದೆಲ್ಲ ಎಲ್ಲೈತೆ ಸಾ, ತ್ವಾಟಾನೇ ಹೊಂಟೋಯ್ತು’ ಎನ್ನುವವರೇ ಹೆಚ್ಚು. ಹಳೇ ಚರ್ಚೊಂದಿದೆ, ಫ್ರೆಂಚ್ ಪಾದ್ರಿ ಅಬ್ಬೆ ದ್ಯೂಬುವಾ ಹೆಸರಿನದು. ಹಿಂದೂಗಳ ಆಚಾರ–ನಡವಳಿಗಳ ಮೇಲೆ ದಪ್ಪ ಪುಸ್ತಕ ಬರೆದವನು, ಮೈಸೂರು ಸೀಮೆಯ ಜನರಿಗೆ ಸಿಡುಬಿನ ಲಸಿಕೆ ಹಾಕಿಸಲು ಹಳ್ಳಿಹಳ್ಳಿ ಸುತ್ತಿದವನು.

ಹೊಳೆಯಂಚಿನಲ್ಲಿ ನಿಮಿಷಾಂಬ ದೇವಿ. ಭಾನುವಾರ ಹತ್ತು ಗಂಟೆಯ ಮೇಲೆ ಹೋದರೆ ನಿಂಬೆಹಣ್ಣಿನ ಹಾರ ಹಿಡಿದವರ ಸಾಲು ರಸ್ತೆವರೆಗೂ ಬಂದಿರುತ್ತದೆ, ಪಾರ್ಕಿಂಗ್ ಜಗಳವೂ. ಏಳೂವರೆಗೆ ಹೋದರೆ ನೀವು, ಅರ್ಚಕರು, ಒಂದಷ್ಟು ಮೀನು. ಆಚೆ ದಡದಲ್ಲಿ ಕರಿಘಟ್ಟ ಬೆಟ್ಟ ನೇರವಾಗಿ ಕಾಣುತ್ತದೆ.

ಗುಂಬಜ್ ರಸ್ತೆಯ ಸಾಲುಮರಗಳ ಕೆಳಗೆ ಸೈಕಲ್ಲಿಗೆ ಶಬ್ದವೇ ಇರುವುದಿಲ್ಲ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ತೀರಿಕೊಂಡ, ಟಿಪ್ಪುವಿನ ತಂದೆ ಹೈದರಾಲಿಯನ್ನು ಮೊದಲು ಕೋಲಾರದಲ್ಲಿ ಇಟ್ಟಿದ್ದರು, ಆಮೇಲೆ ಇಲ್ಲಿನ ಗುಂಬಜ್‌ಗೆ ತಂದರು. ಗುಮ್ಮಟದ ಕೆಳಗೆ ತಂದೆ, ತಾಯಿ, ಮಗ. ಸುತ್ತಲೂ ಕನ್ನಡಿಯಂತೆ ಹೊಳೆಯುವ ಕರಿಕಲ್ಲಿನ ಕಂಬಗಳು. ದಂತದ ಕುಸುರಿಯ ಕರಿಮರದ ಬಾಗಿಲುಗಳನ್ನು ಮಾಡಿಸಿಕೊಟ್ಟವನು ಲಾರ್ಡ್ ಡಾಲ್‌ಹೌಸಿ, ಕಂಡಕಂಡ ಸಂಸ್ಥಾನಗಳನ್ನೆಲ್ಲ ನುಂಗಿದ ಅದೇ ಡಾಲ್‌ಹೌಸಿ.

ರಸ್ತೆ ಸಂಗಮದಲ್ಲಿ ಮುಗಿಯುತ್ತದೆ. ಉತ್ತರದ ಕವಲು ಎಡದಿಂದ, ದಕ್ಷಿಣದ್ದು ಬಲದಿಂದ ಬಂದು ಮೆಟ್ಟಿಲ ಮುಂದೆಯೇ ಕೂಡುತ್ತವೆ. ಬೆಳಗಿನಿಂದ ಎಡಗೈಗೆ ಹರಿದು ಬಂದ ನೀರು ಇನ್ನೊಂದು ನೀರಿಗೆ ಡಿಕ್ಕಿ ಹೊಡೆದು ಸುಳಿಸುಳಿಯಾಗುವುದನ್ನು ನೋಡಿದಾಗಲೇ, ಇಷ್ಟು ಹೊತ್ತು ತುಳಿದದ್ದು ದ್ವೀಪದ ಅಂಚು ಎಂಬುದು ಕಣ್ಣಿಗೆ ಹಿಡಿಯುವುದು. ಮೆಟ್ಟಿಲ ಒಂದು ಕಡೆ ಪಿಂಡ, ಎಳ್ಳು, ದರ್ಭೆ, ಕಾಯುತ್ತ ಕೂತ ಕಾಗೆಗಳು. ಇನ್ನೊಂದು ಕಡೆ ತೆಪ್ಪದವರ ಚೌಕಾಸಿ. ನಡುವೆ ತಲೆ ಬೋಳಿಸಿಕೊಂಡ ಅಣ್ಣತಮ್ಮಂದಿರು ಮಂಡಕ್ಕಿ ತಿನ್ನುತ್ತ ಆಸ್ತಿ ಮಾತಾಡುತ್ತಿರುತ್ತಾರೆ.

ಬೇಸರವಾಗುವುದು ಒಂದಕ್ಕೆ. ಕರ್ಮ ಮುಗಿಸಿದವರು ಉಟ್ಟ ಬಟ್ಟೆಯನ್ನು ಹೊಳೆಗೇ ಬಿಡುತ್ತಾರೆ. ಬಂಡೆಗಳ ಸಂದಿಯಲ್ಲಿ ಪಂಚೆ, ಸೀರೆ, ಪ್ಲಾಸ್ಟಿಕ್ ಕವರು ಕೊಳೆಯುತ್ತಿರುತ್ತವೆ. ತೆಪ್ಪದವರೊಬ್ಬರು ಕೋಲಿನಿಂದ ಒಂದು ಸೀರೆಯನ್ನು ಎತ್ತಿ ದಡಕ್ಕೆ ಎಸೆಯುತ್ತ ಗೊಣಗಿದರು: ‘ಸತ್ತೋರ್ಗೆ ಮುಕ್ತಿ ಸಿಕ್ತದೆ, ನಮ್ ತೆಪ್ಪುಕ್ಕೆ ಸಿಗಾಕಿಲ್ಲ.’

ಗೆದ್ದವರ ಪಾಡು

ವಾಪಸು ಬರುವಾಗ ಹೆದ್ದಾರಿಯ ಆಸೆ ಬಿಟ್ಟು ದಕ್ಷಿಣದ ಕಡೆಗೆ ತಿರುಗಿ. ಗದ್ದೆ ಬದಿಯ ದಾರಿ, ತೋಟಗಳ ನಡುವಿನ ಮಣ್ಣುದಾರಿ; ಎದುರಿಗೆ ಹುಲ್ಲಿನ ಹೊರೆ ಬಂದರೆ ನೀವೇ ಇಳಿಯಬೇಕು. ‘ಆಳ್ನೀರಿನ್ ಕಡೆ ಹೋಗ್ಬ್ಯಾಡಿ, ಮೊಸ್ಳೆ ಅದಾವೆ’ ಎಂದು ಯಾರಾದರೂ ಹೇಳಿದರೆ ತಮಾಷೆ ಎಂದುಕೊಳ್ಳಬೇಡಿ. ಮೇಲೆ ರಂಗನತಿಟ್ಟಿನಲ್ಲಿ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಮೊಸಳೆಗಳಿಗೆ ಗಡಿಯಿಲ್ಲ.

ಈ ದಡದಲ್ಲೇ, ಪೇಟೆಯ ಗದ್ದಲದಿಂದ ತುಸು ದೂರ, ಗ್ಯಾರಿಸನ್ ಸ್ಮಶಾನವಿದೆ. ಮುನ್ನೂರಕ್ಕೂ ಹೆಚ್ಚು ಸಮಾಧಿಗಳು. ಕಲ್ಲಿನ ಹಲಗೆಗಳನ್ನು ಓದುತ್ತ ಹೋದರೆ ಕಾಳಗದಲ್ಲಿ ಸತ್ತವರಷ್ಟೇ ಅಲ್ಲ, ಆಮೇಲಿನ ವರ್ಷಗಳಲ್ಲಿ ಮಲಗಿದಲ್ಲೇ ಹೋದ ಅಧಿಕಾರಿಗಳು, ಅವರ ಹೆಂಡತಿಯರು, ಎಳೆಗೂಸುಗಳು. ಹಲವರು ಸ್ವಿಟ್ಜರ್ಲೆಂಡ್ ಮೂಲದ ಡಿ ಮ್ಯೂರಾನ್ ದಂಡಿನವರು. ಮೊದಲು ಸಿಲೋನಿನಲ್ಲಿ ಡಚ್ಚರಿಗೆ ದುಡಿದು, 1795ರಲ್ಲಿ ಬ್ರಿಟಿಷರ ಕಡೆ ಸೇರಿ, ಕೊನೆಗೆ ಮಂಡ್ಯ ಸೀಮೆಯ ಮಣ್ಣಿಗೆ ಬಂದವರು. ಆ ದಂಡಿನ ವಂಶಸ್ಥರ ಆಸ್ಥೆಯಿಂದಲೇ ಸ್ಮಶಾನ ಈಚೆಗೆ ದುರಸ್ತಿಯಾಯಿತು.

ಕೊಂದದ್ದು ಜ್ವರ. ಊರ ಸುತ್ತ ನೀರು, ಒಳಗೆ ನಾಲೆ, ನಾಲೆಯ ಕೆಳಗೆ ಗದ್ದೆ. ಸೊಳ್ಳೆಗೆ ಇದಕ್ಕಿಂತ ಇನ್ನೇನು ಬೇಕು? ಶತ್ರುವನ್ನು ತಡೆಯಲೆಂದು ಅರಸರು ನಂಬಿಕೊಂಡ ಹೊಳೆ ಗೆದ್ದು ಬಂದವರನ್ನೂ ನೆಮ್ಮದಿಯಾಗಿ ಇರಗೊಡಲಿಲ್ಲ. ಇಷ್ಟು ಕಷ್ಟಪಟ್ಟು ಹಿಡಿದ ಕೋಟೆಯಲ್ಲಿ ಹತ್ತು ವರ್ಷ ಕಳೆದು, 1809ರಲ್ಲಿ ಬ್ರಿಟಿಷರು ದಂಡನ್ನು ಇಲ್ಲಿಂದ ಎತ್ತಿ, ಎತ್ತರದ, ತಂಪು ಹವೆಯ ಬೆಂಗಳೂರಿಗೆ ಸಾಗಿಸಿದರು. ಹಲಸೂರಿನ ಆಚೆ ದಂಡು ಬೆಳೆಯಿತು, ಪೆರೇಡ್ ಮೈದಾನ ಬಂತು, ಅದರ ಸುತ್ತ ಅಂಗಡಿಬೀದಿ ಬಂತು. ಇಂದು ಎಂ.ಜಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಬೈಯಬೇಕೆಂದರೆ ಶ್ರೀರಂಗಪಟ್ಟಣದ ಸೊಳ್ಳೆಗಳನ್ನೂ ಸೇರಿಸಿ ಬೈಯಬಹುದು.

ಸ್ಮಶಾನದಿಂದ ರೈಲು ನಿಲ್ದಾಣ ಹತ್ತಿರವೇ. ಕಾಲಿನಲ್ಲಿ ಇನ್ನೂ ಕಸುವಿದ್ದರೆ ದಕ್ಷಿಣದ ಸೇತುವೆ ದಾಟಿ ಪಶ್ಚಿಮವಾಹಿನಿಗೂ ಹೋಗಿಬನ್ನಿ. ಪೂರ್ವದ ಸಮುದ್ರಕ್ಕೆ ಹೊರಟ ಕಾವೇರಿ ಇಲ್ಲಿ ಒಂದಷ್ಟು ದೂರ ಪಶ್ಚಿಮಕ್ಕೆ ಮುಖ ಮಾಡುತ್ತಾಳೆ. ಅದಕ್ಕೇ ಜಾಗಕ್ಕೆ ಅಷ್ಟು ಮಹಿಮೆ. 1948ರ ಫೆಬ್ರುವರಿ 12ರಂದು ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು ಇಲ್ಲಿ ಬಿಟ್ಟರು. ದಾರಿಯಲ್ಲಿ ಕಬ್ಬಿನಹಾಲಿನ ಗಾಡಿಗಳಿರುತ್ತವೆ. ಶುಂಠಿ, ನಿಂಬೆ ಹಾಕಿಸಿಕೊಳ್ಳಿ, ಐಸ್ ಬೇಡ ಎನ್ನಿ.

> ಹೊರಡುವ ಮುನ್ನ
> ಯಾವಾಗ: ನವೆಂಬರಿನಿಂದ ಫೆಬ್ರುವರಿ ಸುಖ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟ ಸುದ್ದಿ ಇದ್ದರೆ ದಡದ ದಾರಿ, ಮೆಟ್ಟಿಲುಗಳ ಸಹವಾಸ ಬೇಡ.
> ದಾರಿ: ಮೈಸೂರಿನಿಂದ ಸುಮಾರು 15 ಕಿ.ಮೀ. ಬೆಂಗಳೂರಿನಿಂದ ತುಳಿದುಕೊಂಡು ಬರುವವರು ಸರ್ವಿಸ್ ರಸ್ತೆ ಹಿಡಿಯಬೇಕು. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್‌ಗಳಿಗೆ ಪ್ರವೇಶವಿಲ್ಲ.
> ಜೊತೆಗಿರಲಿ: ಬೀಗ, ಪಂಪು, ಪಂಕ್ಚರ್ ಸಾಮಾನು. ದಕ್ಷಿಣದ ದಾರಿಯಲ್ಲಿ ಜಾಲಿಮುಳ್ಳು ಇರುತ್ತದೆ.
> ಹೊಂಚು ಹಾಕಿದರೆ: ರಂಗನತಿಟ್ಟು ಪಕ್ಷಿಧಾಮ ಹತ್ತಿರದಲ್ಲೇ. ಪಕ್ಷಿತಜ್ಞ ಸಲೀಂ ಅಲಿ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸರ್ ಪಟ್ಟಿ ಸೇರಿತು.
> ಬೇಡವೇ ಬೇಡ: ಈಜು. ಮೇಲೆ ಶಾಂತ, ಕೆಳಗೆ ಮಡು. ಜೊತೆಗೆ ಮೊಸಳೆ.